ಗಿರಣಿ ನಿಲ್ಲಿಸಿದ ಡಾಕ್ಟರು

ನಮ್ಮ ಡಾಕ್ಟರ ಬಲಗಾಲು ಅವರ ದೇಹದ ಉಳಿದ ಭಾಗಕ್ಕೆ ಸೇರಿದ್ದೇ ಅಲ್ಲವೇನೋ ಎನ್ನುವಷ್ಟು ಸ್ವಚ್ಛವಾಗಿತ್ತು. ಮುಖದ ಮೇಲೆ ಬಿಳಿ ಕುರುಚಲು, ಅಂಗಿಯ ಜೇಬಿನಂಚಿಗೆ ಶಾಯಿಯ ಕಲೆ, ತಲೆಗೂದಲಂತೂ ಬಾಚಣಿಗೆಯ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಬಲಗಾಲಿನ ವೈಭವವೇ ಬೇರೆ. ಹಿಮ್ಮಡಿಯಲ್ಲಿ ಒಂದು ಬಿರುಕಿಲ್ಲ, ಉಗುರುಗಳು ಒಂದೇ ಸಮ. ಭಾನುವಾರ ಬೆಳಗ್ಗೆ ಅದನ್ನು ಔಷಧಿ ಸೋಪು ಹಚ್ಚಿ ತೊಳೆದು, ಒರೆಸಿ, ಸ್ಟೂಲಿನ ಮೇಲೆ ನೀಡಿಕೊಂಡು ಕೂತಿರುತ್ತಿದ್ದರು. ಎಡಗಾಲಿಗೆ ಈ ಭಾಗ್ಯವಿರಲಿಲ್ಲ. ಅದು ಸವೆದ ಚಪ್ಪಲಿಯೊಳಗೇ ಬಿದ್ದಿರುತ್ತಿತ್ತು.

ಈ ಪಕ್ಷಪಾತಕ್ಕೆ ಕಾರಣ ಅವರ ಹುಟ್ಟು. ಜಮಖಂಡಿ ಕಡೆಯ ಒಂದು ಹಳ್ಳಿಯಲ್ಲಿ ಅವರು ಭೂಮಿಗೆ ಬರುವಾಗ ತಲೆಯ ಬದಲು ಕಾಲು ಮುಂದಿಟ್ಟು ಬಂದರಂತೆ. ಹಾಗೆ ಹುಟ್ಟಿದವರ ಕಾಲು ಬೆನ್ನಿಗೆ ತಾಗಿದರೆ ಉಳುಕು, ಚಳಕು, ಹಿಡಿದ ಸೊಂಟ ಎಲ್ಲ ಬಿಟ್ಟುಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಮರಾಠಿಯವರಲ್ಲಿ ಅಂಥವರಿಗೆ ‘ಪಾಯಾಳೂ’ ಎಂಬ ಬಿರುದೇ ಇದೆ. ಗಡಿಯ ಬಗ್ಗೆ, ನದಿಯ ನೀರಿನ ಬಗ್ಗೆ ಜಗಳಾಡುವ ಎರಡು ರಾಜ್ಯಗಳು ಒಮ್ಮತದಿಂದ ಒಪ್ಪಿಕೊಂಡ ಶಾಸ್ತ್ರ ನನಗೆ ತಿಳಿದಮಟ್ಟಿಗೆ ಇದೊಂದೇ.

ದುರ್ದೈವವೆಂದರೆ ಅಂಥ ಜನ್ಮಸಿದ್ಧ ಯೋಗ್ಯತೆಯಿದ್ದ ಮನುಷ್ಯ ಎಂ.ಬಿ.ಬಿ.ಎಸ್. ಓದಿಬಿಟ್ಟರು. ಓದಿ, ಪುಣೆಗೆ ಬಂದು, ಹಡಪಸರದ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ದವಾಖಾನೆ ತೆರೆದರು. ಪದವಿಯ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದರು. ಅದನ್ನು ಯಾರಾದರೂ ಓದಿದ್ದನ್ನು ನಾನು ಕಾಣೆ.

“ವರ್ಷಗಟ್ಲೆ ಓದಿದ್ದಕ್ಕ ದಿನಾ ನಾಕ ಮಂದಿ ಬರ್ತಾರ್ರಿ,” ಎನ್ನುತ್ತಿದ್ದರು. “ತಲಿ ಮುಂದ ಮಾಡಿ ಹುಟ್ಟದಿದ್ದಕ್ಕ ಭಾನುವಾರ ಪಾಳಿ ಹಚ್ಚತಾರ.”

ಮೊದಮೊದಲು ಬೈದು ಓಡಿಸುತ್ತಿದ್ದರಂತೆ. ಆಮೇಲೆ ಅವರಿಗೊಂದು ಸಂಗತಿ ಹೊಳೆಯಿತು. ಹಡಪಸರದ ಕಾರ್ಖಾನೆಯ ಕೆಲಸಗಾರ, ಕಟ್ಟಡದ ಗಾರೆಯವ, ಅಂಗಡಿಯ ಗುಮಾಸ್ತ, ಇವರಲ್ಲಿ ಯಾರೂ ಡಾಕ್ಟರನ್ನು ನಂಬುವುದಿಲ್ಲ. ಎದೆಗೆ ಕೊಳವೆ ಇಟ್ಟರೆ ಬಿಲ್ಲು, ರಕ್ತ ತೆಗೆದರೆ ಕಮಿಷನ್ನು ಎಂದು ಅವರ ಖಚಿತ ಅಭಿಪ್ರಾಯ. ಆದರೆ ಕಾಲಿನ ಮೇಲೆ ಯಾರಿಗೂ ಸಂಶಯವಿಲ್ಲ! ಸ್ಟೆಥಾಸ್ಕೋಪು ಮುಟ್ಟಗೊಡದ ಗಂಡಸು ಕಾಲಿಗಾಗಿ ಅಂಗಿ ಬಿಚ್ಚಿ ಬೋರಲು ಮಲಗುತ್ತಾನೆ. ಹಾಗಾಗಿ ಡಾಕ್ಟರು ಸ್ವತಃ ಒಂದು ಶಾಸ್ತ್ರ ರಚಿಸಿದರು: ಬೆನ್ನಿಗೆ ಪಾದಪ್ರಹಾರ ಆಗಬೇಕಾದರೆ ಬರಿಹೊಟ್ಟೆಯಲ್ಲಿ ಬರಬೇಕು, ಮೊದಲು ನಾಡಿ ತೋರಿಸಬೇಕು, ಹೊಟ್ಟೆ ಒತ್ತಿಸಿಕೊಳ್ಳಬೇಕು, ಕಣ್ಣಿನ ರೆಪ್ಪೆ ಎಳೆಸಿಕೊಳ್ಳಬೇಕು. ಜನ ಇದನ್ನು ಪೂಜೆಗೆ ಮೊದಲಿನ ಸಂಕಲ್ಪವೆಂದು ತಿಳಿದು ಭಕ್ತಿಯಿಂದ ಒಪ್ಪಿಕೊಂಡರು. ಹೀಗೆ ಎಷ್ಟು ಜನರ ಬಿ.ಪಿ., ಎಷ್ಟು ಜನರ ಕಾಮಾಲೆ ಪತ್ತೆಯಾಯಿತೋ! ಕೊನೆಗೆ ಇಡುವ ಕಾಲು ಹೂವಿನಷ್ಟೇ ಹಗುರ. ಒದೆ ಎಂಬುದು ಹೆಸರಿಗೆ ಮಾತ್ರ.

ಸಂಶಯ ಅವರ ಕಸುಬಾಗಿತ್ತು. “ಸಿಗರೇಟ್ ಬಿಟ್ಟೇನ್ರಿ” ಎಂದವನ ಬೆರಳು ಮೂಸುವರು. ಗುಳಿಗೆ ನುಂಗಿದೆ ಎಂದವನ ಹೆಂಡತಿಯನ್ನು ಬೇರೆ ಕರೆದು ಕೇಳುವರು. ತಮ್ಮ ಬಿ.ಪಿ. ಯಂತ್ರವನ್ನೂ ನಂಬದೆ ಎರಡನೆಯದೊಂದನ್ನು ಇಟ್ಟುಕೊಂಡಿದ್ದರು. ಎರಡೂ ಒಂದೇ ಲೆಕ್ಕ ತೋರಿಸಿದರೆ ಇನ್ನಷ್ಟು ಗುಮಾನಿ. ಅವರು ಮೇಲಿಂದ ಮೇಲೆ ಹೇಳುತ್ತಿದ್ದ ಮಾತೊಂದಿತ್ತು: “ನೋವು ಸುಳ್ಳ ಹೇಳೂದಿಲ್ರಿ. ಆದ್ರ ವಿಳಾಸ ತಪ್ಪ ಹೇಳತದ.”

ನಾನೂ ಸಂಶಯದ ಕೂಲಿಯಲ್ಲೇ ಸಂಸಾರ ಸಾಕಿದವನು. ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗ. ಹೊರಗಿನಿಂದ ಬಂದ ಎರಕದ ಭಾಗಗಳಿಗೆ ನೀರು ತುಂಬಿ, ಒತ್ತಡ ಏರಿಸಿ, ಎಲ್ಲಾದರೂ ಒಸರುತ್ತದೆಯೇ ಎಂದು ನೋಡುವುದು ನನ್ನ ಉದ್ಯೋಗ. ಡಾಕ್ಟರು ನನ್ನನ್ನು ‘ಇನ್‌ಸ್ಪೆಕ್ಟರ್ ಸಾಹೇಬ್ರ’ ಎಂದು ಕರೆಯುತ್ತಿದ್ದರು. ನೆಗಡಿಗೂ ಜ್ವರಕ್ಕೂ ಅವರ ಹತ್ತಿರ ಹೋಗುತ್ತಿದ್ದೆ, ಆದರೆ ಅವರು ಹೇಳಿದ್ದನ್ನು ಅರ್ಧ ಮಾತ್ರ ನಂಬುತ್ತಿದ್ದೆ. ಅವರೂ ನಾನು ಹೇಳಿದ್ದರಲ್ಲಿ ಅಷ್ಟನ್ನೇ ನಂಬುತ್ತಿದ್ದರು. ಹೀಗಾಗಿ ನಮ್ಮ ಸ್ನೇಹ ಬಹಳ ಗಟ್ಟಿಯಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ನಡು ಹಿಡಿಯಿತು. ಒಂದು ದಿನ ಕಾರ್ಖಾನೆಯಲ್ಲಿ ಸಟ್ಟನೆ ಬೆನ್ನಿನೊಳಗೆ ಏನೋ ಹರಿದಂತಾಗಿ, ಬೆವರು ಕಿತ್ತು, ಅರ್ಧ ಗಂಟೆ ಬೆಂಚಿನ ಮೇಲೆ ಮಲಗಿ ಎದ್ದಿದ್ದೆ. ಆಮೇಲೆ ಅದು ಮಂದವಾಗಿ ಒಳಗೇ ಕೊರೆಯುವ ನೋವಾಗಿ ಉಳಿಯಿತು. ತಿಂಗಳುಗಳೇ ಕಳೆದವು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಬೆರಳು ಮೂಸುತ್ತಾರೆ. ಬದಲಿಗೆ ಒಬ್ಬ ಎಲುಬಿನ ತಜ್ಞರನ್ನು ಕಂಡೆ. ಅವರು ಎಕ್ಸ್‌ರೇ ತೆಗೆಸಿ, ಸೊಂಟದ ಎರಡು ಎಲುಬು ಸವೆದಿವೆ, ಪಕ್ಕದ ಸ್ನಾಯುವಿನ ನೆರಳು ಉಬ್ಬಿದೆ, ಇದು ಬೆನ್ನೆಲುಬಿನ ಟಿ.ಬಿ. ಎಂದರು. ಅವರನ್ನು ದೂರುವುದಿಲ್ಲ. ನಮ್ಮ ದೇಶದಲ್ಲಿ ಬೆನ್ನೆಲುಬನ್ನು ಏನೋ ತಿಂದಿದೆ ಎಂದರೆ ಮೊದಲ ಆರೋಪಿ ಟಿ.ಬಿ.ಯೇ, ಬಹುಸಲ ಅಪರಾಧಿಯೂ ಅದೇ. ಗುಳಿಗೆ ಶುರುವಾದವು, ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು. ನೋವು ಮಾತ್ರ ಕದಲಲಿಲ್ಲ. ಉಬ್ಬಿದ ಕಡೆ ಕೀವು ತುಂಬಿರಬೇಕು, ಮಂಗಳವಾರ ಬನ್ನಿ, ಸೂಜಿ ಹಾಕಿ ತೆಗೆಯೋಣ ಎಂದರು.

ಸೂಜಿಯ ಮಾತು ಕೇಳಿದ ಮೇಲೆ ನನಗೆ ಶಾಸ್ತ್ರದಲ್ಲಿ ಶ್ರದ್ಧೆ ಹುಟ್ಟಿತು. ಮಂಗಳವಾರಕ್ಕೆ ಮೊದಲು ಒಂದು ಭಾನುವಾರವಿತ್ತು. ಡಾಕ್ಟರ ಹತ್ತಿರ ರೋಗಿಯಾಗಿ ಹೋಗುವುದು ಬೇಡ, ಬರೇ ಬೆನ್ನಾಗಿ ಹೋಗೋಣ ಎಂದು ನಿಶ್ಚಯಿಸಿದೆ.

ಹೆಂಡತಿ ಜೊತೆಗೆ ಬಂದಳು. ಹೇಗೂ ಗೋಧಿ ಬೀಸಿಸಬೇಕು ಎಂದು ಡಬ್ಬಿ ಹಿಡಿದಿದ್ದಳು. ಕೆಳಗೆ ಗಿರಣಿಯಲ್ಲಿ ಅದನ್ನು ಪಾಳಿಗಿಟ್ಟು ಮೇಲೆ ಬಂದಳು. ಗಿರಣಿ ನಡೆಯುವಾಗ ದವಾಖಾನೆಯ ನೆಲವೆಲ್ಲ ಗಡಗಡ ನಡುಗುತ್ತಿತ್ತು. ಕಪಾಟಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು, ರೋಗಿ ಮಲಗುವ ಮೇಜು ಬಸ್ಸಿನ ಸೀಟಿನಂತೆ ಅದುರುತ್ತಿತ್ತು.

“ಏನ್ರಿ ಇನ್‌ಸ್ಪೆಕ್ಟರ್ ಸಾಹೇಬ್ರ, ನೀವೂ ಕಾಲಿಗೆ ಬಂದ್ರಿ?”

“ನಡು ಹಿಡದದ್ರಿ. ಒಂದ ಸಲ ಇಡ್ರಿ ಸಾಕು.”

“ಯಾವಾಗಿಂದ?”

“ನಿನ್ನೆ ಮೊನ್ನಿಂದ,” ಎಂದೆ.

ಅವರು ನನ್ನ ಹೆಂಡತಿಯ ಕಡೆ ನೋಡಿದರು. ಅವಳು ಗೋಡೆಯ ಮೇಲಿನ ಪ್ರಮಾಣಪತ್ರದ ಕಡೆ ನೋಡಿದಳು.

ಶಾಸ್ತ್ರಪ್ರಕಾರ ಅಂಗಾತ ಮಲಗಿಸಿ ಹೊಟ್ಟೆ ಒತ್ತಿದರು. ಅಭ್ಯಾಸದಂತೆ ಒಂದು ಕೈ ಆಡಿಸಿ ಮುಗಿಸುತ್ತಾರೆಂದು ಕಾದೆ. ಆ ಕೈ ಹೊಕ್ಕುಳದ ಮೇಲೆ ನಿಂತುಬಿಟ್ಟಿತು. ಇನ್ನೊಂದು ಕೈಯೂ ಬಂತು. ಕಣ್ಣು ಮುಚ್ಚಿದರು. ತೆರೆದು, ಹೆಂಡತಿಗೆ ಹೇಳಿದರು: “ತಂಗಿ, ಕೆಳಗ ಹೋಗಿ ಗಿರಣಿ ಬಂದ್ ಮಾಡಸು.”

“ನಂದ ಗೋಧಿ ಹಾಕ್ಯಾರ್ರಿ ಈಗ.”

“ಯಾರದರೆ ಹಾಕಿರಲಿ. ಬಂದ್ ಮಾಡಸು.”

ಅವಳು ಮೆಟ್ಟಿಲ ಮೇಲೆ ನಿಂತು ಮರಾಠಿಯಲ್ಲಿ ಕೂಗಿದಳು. ಕೆಳಗೆ ಡಬ್ಬಿ ಹಿಡಿದು ನಿಂತ ಹೆಂಗಸರು ತಿರುಗಿ ಕೂಗಿದರು. ಭಾನುವಾರದ ಪೋಳಿಯನ್ನು, ಅಂದರೆ ಚಪಾತಿಯನ್ನು, ಡಾಕ್ಟರು ಬಂದು ಮಾಡಿಕೊಡುತ್ತಾರೇನು ಎಂದು ಒಬ್ಬಾಕೆ ವಿಚಾರಿಸಿದಳು. ಕೊನೆಗೆ ಬೆಲ್ಟು ನರಳುತ್ತಾ ನಿಧಾನವಾಯಿತು. ಗಿರಣಿ ನಿಂತಿತು. ಬಾಟಲಿಗಳು ಸುಮ್ಮನಾದವು. ಮೇಜು ಸುಮ್ಮನಾಯಿತು.

ಡಾಕ್ಟರ ಕೈಗಳು ಮಾತ್ರ ಸುಮ್ಮನಾಗಲಿಲ್ಲ. ನಾನು ಕತ್ತೆತ್ತಿ ನೋಡಿದೆ. ಅವರ ಅಂಗೈಗಳು ನನ್ನ ಹೊಕ್ಕುಳದ ಆ ಕಡೆ ಈ ಕಡೆ ಇದ್ದವು. ನನ್ನ ಹೊಟ್ಟೆಯೊಳಗಿನ ಒಂದೊಂದು ಬಡಿತಕ್ಕೂ ಅವು ಒಂದರಿಂದೊಂದು ದೂರ ಸರಿದು ಮತ್ತೆ ಹತ್ತಿರ ಬರುತ್ತಿದ್ದವು. ಅವರು ಸರಿಸುತ್ತಿರಲಿಲ್ಲ. ನಾನು ಸರಿಸುತ್ತಿದ್ದೆ.

ಅವರು ಬಲಗಾಲನ್ನು ಚಪ್ಪಲಿಯೊಳಗೆ ತೂರಿಸಿದರು. ಹೊರಗೆ ಪಾಳಿಯಲ್ಲಿ ಕೂತವರಿಗೆ, “ಇವತ್ತ ಕಾಲಿಗೆ ರಜಾ. ಮನಿಗೆ ಹೋಗ್ರಿ,” ಎಂದರು. ಪಾಳಿಯಲ್ಲಿ ಗೊಣಗಾಟವೆದ್ದಿತು. ನನ್ನ ಕಿವಿಗೆ ಬಿದ್ದದ್ದು: ಡಾಕ್ಟರಿಗೆ ಯಾರೋ ದೊಡ್ಡ ಗಿರಾಕಿ ಸಿಕ್ಕಿರಬೇಕು.

ನನಗೂ ಅದೇ ಅನ್ನಿಸಿತು.

ಆಗ ಹೆಂಡತಿ ಕೈಚೀಲದಿಂದ ಎಕ್ಸ್‌ರೇ ಲಕೋಟೆ ತೆಗೆದಳು. ನನಗೆ ತಿಳಿಸದೆ ತಂದಿದ್ದಳು. “ಆರ್ ತಿಂಗಳಾತ್ರಿ ಡಾಕ್ಟರ್ರ. ಟಿ.ಬಿ. ಗುಳಿಗಿ ನಡದಾವ. ಮಂಗಳವಾರ ಸೂಜಿ ಹಾಕ್ತಾರಂತ.”

ಡಾಕ್ಟರು ನನ್ನನ್ನು ಬೈಯಲಿಲ್ಲ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇಲ್ಲಿ ನೋಡ್ರಿ. ಎರಡೂ ಎಲುಬಿನ ಮುಂದಿನ ಮೈ ಸವದದ. ನಡುವಿನ ಗಾದಿ ಹೆಂಗಿತ್ತು ಹಂಗ ಅದ. ಟಿ.ಬಿ. ಬಂದ್ರ ಗಾದೀನ ಬಿಡೂದು ಭಾಳ ಕಡಿಮಿ. ಗಾದಿ ಬಿಟ್ಟು ಎಲುಬಷ್ಟ ಯಾರ ತಿಂದಾರ? ನನಗ ಸಂಶಯ ಅದ. ಇದು ತಿಂದದ್ದಲ್ಲ. ಬಡದು ಬಡದು ಸವದದ್ದು.”

“ಏನ್ ಬಡದದ್ರಿ?”

“ಎದಿಯಿಂದ ಕೆಳಗ ರಕ್ತ ಒಯ್ಯೂ ದೊಡ್ಡ ನಾಳ ಬೆನ್ನೆಲುಬಿಗೆ ಹತ್ತೇ ಇರತದ. ನಿಮ್ಮದು ಹೊಟ್ಟ್ಯಾಗ ಉಬ್ಬ್ಯದ. ಬರೇ ಉಬ್ಬಿಲ್ಲ. ಆವತ್ತ ಫ್ಯಾಕ್ಟರ್ಯಾಗ ಬೆವರ ಕಿತ್ತಿತ್ತಂತಲ್ಲ,” ಈ ಸುದ್ದಿಯನ್ನೂ ಅಷ್ಟರಲ್ಲಿ ಹೆಂಡತಿ ತಲುಪಿಸಿದ್ದಳು, “ಆವತ್ತ ಒಡದಿರಬೇಕು. ಹೊರಗ ಬಂದ ರಕ್ತ ಅಲ್ಲೇ ಹೆಪ್ಪಗಟ್ಟಿ ಬಾಗಲಾ ಮುಚ್ಚೇದ.”

“ಒಡದಿದ್ರ ನಾ ಆವತ್ತ ಸತ್ತಿರತಿದ್ದೆ.”

“ಅದಕ್ಕ ನೋಡ್ರಿ, ಸಂಶಯ ಅಂದೆ. ಖರೇ ಅನ್ನಲಿಲ್ಲ.”

ಟಿ.ಬಿ. ಗುಳಿಗೆಯನ್ನಾದರೂ ನಿಲ್ಲಿಸಲೇ ಎಂದು ಕೇಳಿದೆ. “ಬ್ಯಾಡ. ನಾನೂ ತಪ್ಪಿರಬಹುದು. ಗುಳಿಗಿ ನಡೀಲಿ, ಸೂಜಿ ಮಾತ್ರ ಬ್ಯಾಡ. ಕೀವು ಅಂತ ಚುಚ್ಚಿ ಅಲ್ಲಿ ರಕ್ತ ಇದ್ರ, ಆ ಬಾಗಲಾ ನಾವ ತಗದಂಗ. ಈಗಿಂದೀಗ ಸೋನೋಗ್ರಫಿ ಮಾಡಸ್ರಿ.”

ಸೋನೋಗ್ರಫಿ ಎಂದ ಕೂಡಲೇ ನನ್ನೊಳಗಿನ ಇನ್‌ಸ್ಪೆಕ್ಟರ್ ಎದ್ದು ಕೂತ. ಆಹಾ, ಬಂತು ನೋಡು! ಗಿರಣಿ ನಿಲ್ಲಿಸಿದ್ದು, ಕಣ್ಣು ಮುಚ್ಚಿದ್ದು, ಇಷ್ಟೆಲ್ಲ ನಾಟಕ ಇದಕ್ಕಾಗಿ. ಎದುರುಗಡೆಯ ಸೆಂಟರಿಗೆ ಚೀಟಿ, ಸಂಜೆಗೆ ಕಮಿಷನ್ನು.

ಡಾಕ್ಟರು ನನ್ನ ಮುಖ ನೋಡಿ ಚೀಟಿ ಬರೆಯುವುದನ್ನೇ ನಿಲ್ಲಿಸಿದರು. “ನಿಮಗ ನನ್ನ ಮ್ಯಾಲೆ ಸಂಶಯ. ಒಳ್ಳೇದು. ನಿಮಗ ಬೇಕಾದಲ್ಲಿ ಹೋಗ್ರಿ. ನನ್ನ ಹೆಸರ ಹೇಳಬ್ಯಾಡ್ರಿ. ಆದ್ರ ಈಗ ಹೋಗ್ರಿ.”

ಅವರ ಗಾಳಿಯೂ ಸೋಕಿರದ ಜಾಗ ಬೇಕೆಂದು ನಾನು ಕೊಂಢವಾ ಬಡಾವಣೆಯ ಒಂದು ಸೆಂಟರು ಆರಿಸಿದೆ. ಭಾನುವಾರ ಮಧ್ಯಾಹ್ನದ ತನಕ ತೆರೆದಿರುತ್ತದೆಂದು ಯಾರೋ ಹೇಳಿದ್ದರು. ಡಾಕ್ಟರು ದವಾಖಾನೆಗೆ ಬೀಗ ಹಾಕಿ ನಮ್ಮ ರಿಕ್ಷಾದಲ್ಲೇ ಹತ್ತಿ ಕೂತರು. ಸರಿ, ಖುದ್ದಾಗಿ ವಸೂಲಿಗೇ ಹೊರಟಿದ್ದಾರೆ ಎಂದುಕೊಂಡೆ. ದಾರಿಯುದ್ದಕ್ಕೂ ಪ್ರತಿಯೊಂದು ಗುಂಡಿಗೂ ರಿಕ್ಷಾದವನ ಹೆಗಲು ತಟ್ಟಿ, “ದಾದಾ, ಹಳೂ! ಹಳೂ!” ಎಂದು ನಿಧಾನ ಮಾಡಿಸುತ್ತಿದ್ದರು. ಅವನು ರೇಗಿ, ಒಳಗೆ ಗಾಜಿನ ಸಾಮಾನಿದೆಯೇ ಎಂದು ಮರಾಠಿಯಲ್ಲಿ ಕೇಳಿದ. ಡಾಕ್ಟರು ಅತ್ಯಂತ ಗಂಭೀರವಾಗಿ, “ಹೋ,” ಎಂದರು. ಹೌದು ಎಂದು.

ಸೆಂಟರಿನ ಬಾಗಿಲಲ್ಲಿ ನಿಂತುಬಿಟ್ಟರು. “ನಾ ಒಳಗ ಬರೂದಿಲ್ಲ. ಬಂದ್ರ ನಿಮಗ ಮತ್ತ ಸಂಶಯ.”

ಒಳಗಿದ್ದ ಡಾಕ್ಟರಮ್ಮ ಮಾತುಗಾರ್ತಿ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುತ್ತ ನನ್ನ ಊರು, ಮಕ್ಕಳು ಎಲ್ಲ ಕೇಳಿದರು. ಯಂತ್ರವನ್ನು ಹೊಟ್ಟೆಗೆ ಇಟ್ಟರು. ಎರಡು ಸಲ ಆಚೀಚೆ ಸರಿಸಿದರು. ಮಾತು ನಿಂತಿತು. ಕಾರ್ಖಾನೆಯಲ್ಲಿ ಒತ್ತಡದ ಮುಳ್ಳು ಇಳಿಯತೊಡಗಿದಾಗ ನಾನೂ ಹೀಗೆಯೇ ಮಾತು ನಿಲ್ಲಿಸುತ್ತಿದ್ದೆ.

“ನಿಮ್ಮನ್ನು ಇಲ್ಲಿಗೆ ಕಳಿಸಿದ್ದು ಯಾರು?” ಎಂದರು ಮರಾಠಿಯಲ್ಲಿ.

“ಯಾರೂ ಕಳಿಸಿಲ್ಲ,” ಎಂದೆ, ಸ್ವಲ್ಪ ಹೆಮ್ಮೆಯಿಂದ. “ನಾನೇ ಬಂದೆ.”

“ಜೊತೆಗೆ ಬಂದವರು ಯಾರಿದ್ದಾರೋ ಅವರನ್ನು ಕರೆಯಿರಿ. ನೀವು ಏಳಬೇಡಿ.”

ಡಾಕ್ಟರು ಒಳಗೆ ಬಂದರು. ಪರದೆಯ ಮೇಲೆ ಇಬ್ಬರೂ ಬಗ್ಗಿದರು. ಕಮಿಷನ್ನಿನ ಮಾತುಕತೆ ಇಷ್ಟು ಪಿಸುದನಿಯಲ್ಲಿ, ಇಷ್ಟು ಬಿಳಿಚಿದ ಮುಖಗಳಲ್ಲಿ ನಡೆಯುವುದಿಲ್ಲವೆಂಬುದು ನನಗೂ ತಿಳಿಯುತ್ತಿತ್ತು.

ಅದೇ ದಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಸಿ.ಟಿ. ಸ್ಕ್ಯಾನಿನಲ್ಲಿ ಡಾಕ್ಟರ ಸಂಶಯ ಅಕ್ಷರಶಃ ಮೂಡಿಬಂತು: ಉಬ್ಬಿದ ನಾಳ, ಅದರ ಹಿಂದೆ ಹಳೆಯ ರಕ್ತದ ಗಟ್ಟಿ ಗಂಟು, ಆ ಗಂಟು ಒತ್ತಿ ಒತ್ತಿ ಕೊರೆದ ಎಲುಬು. ರಕ್ತನಾಳದ ಸರ್ಜನ್ ಇನ್ನೂ ತರುಣ. ಮರುದಿನವೇ ಹೊಟ್ಟೆ ತೆರೆದು ನಾಳ ಬದಲಿಸಬೇಕು, ಅಪಾಯ ಸಣ್ಣದಲ್ಲ, ಮೇಜಿನ ಮೇಲೆಯೇ ಹೋಗಿಬಿಡುವ ಸಂಭವವೂ ಉಂಟು ಎಂದು ಮುಚ್ಚುಮರೆಯಿಲ್ಲದೆ ಹೇಳಿ ಹೋದರು.

ನಾನು ಒಪ್ಪಲಿಲ್ಲ. ತಿಂಗಳುಗಟ್ಟಲೆ ತಡೆದು ನಿಂತದ್ದು ಇನ್ನು ಕೆಲವು ವರ್ಷ ನಿಲ್ಲುವುದಿಲ್ಲವೇಕೆ? ಒಡೆದದ್ದು ತಾನೇ ಮುಚ್ಚಿಕೊಂಡಿದೆ. ಮುಚ್ಚಿದ್ದನ್ನು ತೆರೆಯುವ ಉತ್ಸಾಹ ಯಾರಿಗೆ, ಯಾತಕ್ಕೆ? ಹೆಂಡತಿ ಮಂಚದ ಪಕ್ಕ ಮುಖ ತಿರುಗಿಸಿ ನಿಂತಿದ್ದಳು. ಸಹಿ ಮಾಡುವುದಿಲ್ಲ, ಮನೆಗೆ ಹೋಗುತ್ತೇನೆ ಎಂದೆ.

ಡಾಕ್ಟರು ಸ್ಟೂಲು ಎಳೆದು ಕೂತರು.

“ಸಾಹೇಬ್ರ, ನಿಮ್ಮ ಫ್ಯಾಕ್ಟರಿಗೆ ಸೋರೂ ಕಾಸ್ಟಿಂಗ್ ಬರ್ತಾವೇನು?”

“ಬರ್ತಾವ.”

“ಸಪ್ಲಾಯರ್ ಮಂದಿ ಏನ್ ಮಾಡ್ತಾರ?”

“ಪುಟ್ಟಿ ಮೆತ್ತಿ, ಬಣ್ಣಾ ಬಳದು ತರ್ತಾರ.”

“ನೀರ ತುಂಬಿದ್ರ ಸೋರತದೇನು?”

“ಆವತ್ತ ಸೋರೂದಿಲ್ಲ.”

“ಮತ್ತ ಪಾಸ್ ಮಾಡ್ತೀರಿ?”

“ಹೆಂಗ ಮಾಡ್ಲಿ? ಪುಟ್ಟಿ ಎಷ್ಟ ದಿನದ್ದು? ಪಂಪ್ ಚಾಲೂ ಇರೂತನಕ ಒತ್ತಡ ಇರತದ. ಒಂದಿಲ್ಲೊಂದ ದಿನ...”

ಡಾಕ್ಟರು ಗೆದ್ದ ಮುಖ ಮಾಡಲಿಲ್ಲ. ಹೆಂಡತಿ ಪೆನ್ನು ಕೊಟ್ಟಳು.

ಸಹಿ ಹಾಕಿದ ಮೇಲೆ ಡಾಕ್ಟರು ನೆಲ ನೋಡುತ್ತ ಅಂದರು: “ನನ್ನ ಸಂಶಯ ಸುಳ್ಳಾಗಿದ್ರ ನಂದ ಮಾನ ಹೋಗತಿತ್ತು, ನಿಮ್ಮದೊಂದ ಭಾನುವಾರ ಹೋಗತಿತ್ತು. ಭಾಳ ಚಲೋ ಆಗತಿತ್ರಿ ಅದು.”

ಆಪರೇಷನ್ ಆಯಿತು. ಮಾರನೆಯ ದಿನ ಎಚ್ಚರವಿದ್ದಾಗ ಸರ್ಜನ್ ಬಂದು ಹೇಳಿದರು: ಹೆಪ್ಪು ತೆಗೆದು ನೋಡಿದರೆ ನಾಳಕ್ಕೆ ಹಿಂದಿನ ಗೋಡೆಯೇ ಇರಲಿಲ್ಲ, ನೇರವಾಗಿ ಬೆನ್ನೆಲುಬೇ ಕಾಣುತ್ತಿತ್ತು. ಗೋಡೆಯ ಕೆಲಸವನ್ನು ನನ್ನ ಎಲುಬೂ ಆ ಹಳೆಯ ರಕ್ತವೂ ಸೇರಿ ಅಷ್ಟು ದಿನ ಮಾಡಿದ್ದವು. ಅಲ್ಲಿಂದ ತೆಗೆದ ತುಣುಕುಗಳಲ್ಲಿ ಟಿ.ಬಿ.ಯ ಸುಳಿವು ಸಿಗಲಿಲ್ಲ. ಕೇಸರಿ ಮೂತ್ರ ನಿಂತಿತು. ಕೆಟ್ಟ ನಾಳದ ಜಾಗಕ್ಕೆ ಪಾಲಿಯೆಸ್ಟರ್ ನೇಯ್ಗೆಯ ಕೊಳವೆ ಹೊಲಿದಿದ್ದರು. ಹೀಗೆ ಜೀವಮಾನವಿಡೀ ಮೈಮೇಲೆ ಟೆರಿಕಾಟ್ ತೊಟ್ಟವನು ಒಳಗೂ ಅದೇ ಜಾತಿಯ ಬಟ್ಟೆ ತೊಟ್ಟಂತಾಯಿತು.

ನಾನು ಚೇತರಿಸಿಕೊಳ್ಳುತ್ತಿದ್ದ ವಾರಗಳಲ್ಲಿ ಡಾಕ್ಟರು ಭಾನುವಾರದ ಪಾಳಿ ನಿಲ್ಲಿಸಿಬಿಟ್ಟರು. ಕಾಲು ಸ್ಟೂಲಿನ ಮೇಲೆ ಏರಲಿಲ್ಲ. ಎಷ್ಟೇ ಹಗುರಾಗಿ ಇಟ್ಟರೂ ಕಾಲು ಕಾಲೇ, ನನ್ನಂಥ ಇನ್ನೊಬ್ಬ ಬಂದು ಮಲಗಿದರೆ, ಕೈಗೆ ತಿಳಿಯದೇ ಹೋದರೆ ಎಂದು ಅವರಿಗೆ ಅಂಜಿಕೆ ಹತ್ತಿತ್ತು. ಜನ ಬಂದು ಬೀಗ ನೋಡಿ ಹೋದರು. ಹೋದವರು ಬೇರೆ ದವಾಖಾನೆಗೆ ಹೋಗಲಿಲ್ಲ. ಖರಾಡಿ ಕಡೆ ಬೆನ್ನ ಮೇಲೆ ಹತ್ತಿ ತುಳಿಯುವವನೊಬ್ಬನಿದ್ದ, ಅವನಲ್ಲಿಗೆ ಹೋದರು. ಸುದ್ದಿ ತಿಳಿದ ವಾರವೇ ಡಾಕ್ಟರು ಬೀಗ ತೆಗೆದರು. “ಕಾಲ ಇಲ್ಲಂದ್ರ ಹೊಟ್ಟಿ ಮುಟ್ಟಗೊಡೂದಿಲ್ರಿ ಇವರು,” ಎಂದರು, ಬೇಸರದಿಂದ. ಅಂದಿನಿಂದ ಹೊಟ್ಟೆ ನೋಡುವ ಶಾಸ್ತ್ರ ಎರಡರಷ್ಟು ದೀರ್ಘವಾಯಿತು. ಕಾಲಿನದು ಹೆಬ್ಬೆರಳ ತುದಿಯ ಸ್ಪರ್ಶಕ್ಕೆ ಇಳಿಯಿತು. ನೋವು ಅಷ್ಟಕ್ಕೂ ಹೋಗುತ್ತದೆ ಎಂದು ಜನ ಪ್ರಮಾಣ ಮಾಡಿ ಹೇಳುತ್ತಿದ್ದರು.

ನನಗೆ ಒಡಹುಟ್ಟಿದವರು ಯಾರಿದ್ದಾರೆಂದು ವಿಚಾರಿಸಿ, ಈ ರೋಗ ಮನೆತನದಲ್ಲಿ ಹರಿಯುವುದುಂಟು ಎಂದು ಊರಿನಲ್ಲಿದ್ದ ತಮ್ಮನನ್ನೂ ಕರೆಸಿ ಪರೀಕ್ಷೆ ಮಾಡಿಸಿದರು. ಅವನಿಗೇನೂ ಇರಲಿಲ್ಲ. ಆ ವರದಿಯನ್ನೂ ನಂಬದೆ ಮರುವರ್ಷ ಮತ್ತೆ ಮಾಡಿಸಿದರು.

ಹೊಸ ಶತಮಾನದ ಮೊದಲ ದಶಕ ಮುಗಿಯುವ ಮುಂಚೆ ಅವರು ತೀರಿಕೊಂಡರು. ಕಾಯಿಲೆ ಮೂತ್ರಪಿಂಡದ್ದು, ನಿಧಾನದ್ದು. ಅದನ್ನು ಪತ್ತೆ ಮಾಡಿದವರೂ ಅವರೇ. ಸುದ್ದಿ ಬಂದ ಬೆಳಗ್ಗೆ ಹೋದೆ. ಮನೆ ಎರಡನೆಯ ಮಹಡಿಯಲ್ಲಿ. ಚಟ್ಟವನ್ನು ಕೆಳಗೆ ನಿಂತ ಗಾಡಿಯ ತನಕ ಇಕ್ಕಟ್ಟಿನ ಮೆಟ್ಟಿಲಲ್ಲಿ ಇಳಿಸಬೇಕಿತ್ತು. ಮಗ ಮುಂದೆ ನಿಂತಿದ್ದ, ಹಿಂದಿನ ಮೂಲೆಗೆ ಒಂದು ಹೆಗಲು ಬೇಕಿತ್ತು. ನಾನು ಅಂಗಿಯ ತೋಳು ಮಡಿಸಿ ಮುಂದೆ ಹೋದೆ.

ಡಾಕ್ಟರ ಹೆಂಡತಿ, ಬಾಯಾರು, ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಕೈ ಎತ್ತಿದರು.

“ನೀವ್ ಬ್ಯಾಡ್ರಿ.”

“ಬಾಯಾರ, ಅವರ ಋಣ ನನ್ನ ಮ್ಯಾಲೆ...”

“ಗೊತ್ತದ್ರಿ. ಹೋದ ವಾರ ದವಾಖಾನ್ಯಾಗ ಮಲಗಿದಾಗ ಹೇಳ್ಯಾರ. ‘ಆ ಇನ್‌ಸ್ಪೆಕ್ಟರ್ ಹೆಗಲು ಕೊಡಾಕ ಬರ್ತಾನ, ನೀ ಬಿಡಬ್ಯಾಡ. ಅವನ ಹೊಟ್ಟಿ ಹೊಲಗಿ ಮ್ಯಾಲೆ ನನಗ ನಂಬಿಕಿಲ್ಲ’ ಅಂತ.”

ಹಿಂದಿನ ಮೂಲೆಗೆ ಪಕ್ಕದ ಮನೆಯವರು ಯಾರೋ ಬಂದರು. ನೋಡಲು ನನಗಿಂತ ಬಡಕಲು, ವಯಸ್ಸಿನಲ್ಲಿ ಹಿರಿಯರು. ನೆರೆದವರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಇಷ್ಟು ಗಟ್ಟಿಮುಟ್ಟಾದ ಆಳು ಹೆಗಲು ಕೊಡದೆ ಹಿಂದೆ ಸರಿದನಲ್ಲ, ಒಳಗೆ ಏನೋ ಇರಬೇಕು ಎಂಬ ಗುಮಾನಿ ಎಲ್ಲರ ಕಣ್ಣಲ್ಲಿತ್ತು. ನಾನು ಯಾರಿಗೂ ಏನನ್ನೂ ವಿವರಿಸಲಿಲ್ಲ. ಮಡಿಸಿದ ತೋಳು ಬಿಚ್ಚಿಕೊಂಡು, ಕಟಾಂಜನ ಹಿಡಿದು, ಒಂದೊಂದೇ ಮೆಟ್ಟಿಲು, ಎಲ್ಲರ ಹಿಂದೆ, ಬರಿಗೈಯಲ್ಲಿ ಇಳಿದೆ.